ಗೋಮಾಳವನ್ನು ಉಳಿಸಿಕೊಂಡ ಬಗೆ: ನನ್ನ ಅನುಭವ

ಹವಾಮಾನ ಬದಲಾವಣೆಗೆ ಹಳ್ಳಿಯವರು ಏನು ಮಾಡಬೇಕು ಎಂದು ಯಾರನ್ನು ಕೇಳಿದರೂ ಮೊದಲು ಬರುವ ಉತ್ತರ ಸಸಿ ನೆಡಿ ಎಂಬುದು. ಸಿರಾ ಸೀಮೆಯ ನಮ್ಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯಲ್ಲಿದ್ದು ಕೆಲಸ ಮಾಡಿದ ಮೇಲೆ, ನಮ್ಮಂಥ ಬಯಲುಸೀಮೆಯಲ್ಲಿ ಸಸಿಗಿಂತ ಮೊದಲು ಗಡಿಕಲ್ಲು ನೆಡಬೇಕು ಎಂಬುದು ನನಗೆ ಖಚಿತವಾಗಿದೆ. ಊರಿನ ಗೋಮಾಳ ಎಲ್ಲಿಂದ ಎಲ್ಲಿಯವರೆಗೆ ಎಂಬುದು ದಾಖಲೆಯಲ್ಲೂ ನೆಲದ ಮೇಲೂ ಇತ್ಯರ್ಥವಾಗದಿದ್ದರೆ, ಅಲ್ಲಿ ಮಾಡಿದ ಯಾವ ಒಳ್ಳೆಯ ಕೆಲಸವೂ ನಾಲ್ಕು ವರ್ಷ ಉಳಿಯುವುದಿಲ್ಲ.

ಪಹಣಿಯಲ್ಲಿ ‘ಸರ್ಕಾರಿ ಗೋಮಾಳ’ ಎಂದು ತೋರಿಸಿದ ವಿಸ್ತೀರ್ಣಕ್ಕೂ ದನ ಮೇಯಲು ಉಳಿದಿದ್ದ ಜಾಗಕ್ಕೂ ನಮ್ಮೂರಿನಲ್ಲಿ ಬಹಳ ಅಂತರವಿತ್ತು. ಆದ್ದರಿಂದ ಪಹಣಿಯೊಂದನ್ನೇ ನೆಚ್ಚಿಕೊಳ್ಳದೆ ಗ್ರಾಮ ನಕ್ಷೆ, ಮೊದಲ ಅಳತೆಯ ದಾಖಲೆಯಾದ ಮೂಲ ಟಿಪ್ಪಣಿ, ಸರ್ವೆ ನಂಬರುಗಳ ವಿಸ್ತೀರ್ಣ ತೋರಿಸುವ ಆಕಾರಬಂದ್‌ಗಳ ನಕಲು ತೆಗೆಸಿ, ಹಿಂದಿನ ಮಂಜೂರಾತಿಗಳ ಪಟ್ಟಿಯ ಜೊತೆಗಿಟ್ಟು ತಾಳೆ ನೋಡಿದೆವು. ನಮಗೆ ಹೆಚ್ಚು ನೆರವಾದದ್ದು ಕರ್ನಾಟಕ ಭೂಕಂದಾಯ ನಿಯಮಗಳು, 1966ರ 97ನೇ ನಿಯಮ. ಪ್ರತಿ 100 ರಾಸುಗಳಿಗೆ 12 ಹೆಕ್ಟೇರ್, ಎಂದರೆ ಸುಮಾರು 30 ಎಕರೆ, ಉಚಿತ ಮೇವಿಗಾಗಿ ಕಾಯ್ದಿರಿಸಬೇಕೆಂದು ಅದು ಹೇಳುತ್ತದೆ. ಪಶು ಆಸ್ಪತ್ರೆಯಿಂದ ಜಾನುವಾರು ಗಣತಿಯ ದೃಢೀಕರಣ ಪಡೆದು, ಊರಿನ ರಾಸುಗಳಿಗೆ ಬೇಕಾದಷ್ಟು ಗೋಮಾಳ ಈಗಾಗಲೇ ಇಲ್ಲ ಎಂಬುದನ್ನು ಲೆಕ್ಕದಲ್ಲಿ ತೋರಿಸಿ ಗ್ರಾಮಸಭೆಯಲ್ಲಿ ಠರಾವು ಮಾಡಿದೆವು. ಊರಿನ ಭಾವನೆಗೆ ಅಲುಗದ ಕಡತ ಈ ಲೆಕ್ಕಕ್ಕೆ ಅಲುಗಿತು. ಪಂಜಾಬಿನ ಹಳ್ಳಿಯೊಂದರ ಕೆರೆಯ ಒತ್ತುವರಿಗೆ ಸಂಬಂಧಿಸಿದ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರ ಜನವರಿ 28ರಂದು ನೀಡಿದ ತೀರ್ಪಿನ ಪ್ರತಿಯನ್ನೂ ಅರ್ಜಿಗೆ ಲಗತ್ತಿಸಿದ್ದೆವು. ಹಳ್ಳಿಗಳ ಸಾಮುದಾಯಿಕ ಜಮೀನುಗಳ ಒತ್ತುವರಿ ತೆರವುಗೊಳಿಸಲು ಯೋಜನೆ ರೂಪಿಸಬೇಕೆಂದು ಎಲ್ಲ ರಾಜ್ಯಗಳಿಗೂ ನಿರ್ದೇಶಿಸಿದ ತೀರ್ಪು ಅದು.

ಅಳತೆಯ ದಿನ ಭೂಮಾಪಕರು ಟಿಪ್ಪಣಿ ಹಿಡಿದು ತೋರಿಸಿದ ಕಡೆ ಬಳ್ಳಾರಿ ಜಾಲಿಯ ಮೆಳೆ ಬಿಟ್ಟರೆ ಬೇರೇನೂ ಕಾಣಲಿಲ್ಲ. ಮುಳ್ಳು ಸವರಿ, ಬೇರಿನ ಸುತ್ತ ಗುದ್ದಲಿಯಲ್ಲಿ ಕೆದಕಿದಾಗ ಮೊಣಕಾಲುದ್ದದ ಆಳದಲ್ಲಿ ಹಳೆಯ ಕಲ್ಲೊಂದು ಸಿಕ್ಕಿತು. ತಲೆಯ ಮೇಲೆ ಕೆತ್ತಿದ ಗೆರೆ ಮಣ್ಣು ಒರೆಸಿದ ಕೂಡಲೇ ಸ್ಪಷ್ಟವಾಗಿ ಕಂಡಿತು. ಆ ಒಂದು ಕಲ್ಲಿನಿಂದ ಉಳಿದ ಮೂಲೆಗಳನ್ನು ಗುರುತಿಸುವುದು ಸುಲಭವಾಯಿತು, ಅಕ್ಕಪಕ್ಕದ ಹಿಡುವಳಿದಾರರ ವಾದವೂ ಅಲ್ಲಿಗೇ ನಿಂತಿತು.

ಒತ್ತುವರಿದಾರರೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬ ನಿಲುವು ನಮ್ಮದಾಗಿತ್ತು. ಬೇರೆ ತುಂಡು ನೆಲವೂ ಇಲ್ಲದೆ ಅಂಚಿನಲ್ಲಿ ರಾಗಿ ಬೆಳೆದುಕೊಳ್ಳುತ್ತಿದ್ದ ಬಡ ಕುಟುಂಬಗಳ ವಿಷಯವನ್ನು, ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿಯ ಸಕ್ರಮದ ಅರ್ಜಿಗಳನ್ನು ನೋಡುವ ಬಗರ್ ಹುಕುಂ ಸಮಿತಿಯ ತೀರ್ಮಾನಕ್ಕೆ ಬಿಟ್ಟು, ಹತ್ತಾರು ಎಕರೆ ಸ್ವಂತ ಜಮೀನಿದ್ದೂ ಬೇಲಿಯನ್ನು ಸರಿಸುತ್ತಾ ಬಂದವರ ಮೇಲೆ ಮಾತ್ರ ಪಟ್ಟು ಹಿಡಿದೆವು. ಹೀಗೆ ಮಾಡದಿದ್ದರೆ ಊರು ಎರಡು ಪಂಗಡವಾಗುತ್ತಿತ್ತು, ಗೋಮಾಳ ಕಾಯುವವರೇ ಇರುತ್ತಿರಲಿಲ್ಲ.

ಗಡಿಯ ಉದ್ದಕ್ಕೂ ನರೇಗಾ ಕೆಲಸದಲ್ಲಿ ಕಂದಕ ತೆಗೆಸಿದೆವು. ಅದು ಒತ್ತುವರಿಯನ್ನೂ ತಡೆಯುತ್ತದೆ, ಮಳೆನೀರನ್ನೂ ಇಂಗಿಸುತ್ತದೆ. ಅಷ್ಟರಲ್ಲಿ ಆ ಜಾಗದ ತುಂಬ ಗುಂಡಿ ತೋಡಿ ನೆಡುತೋಪು ಮಾಡುವ ಪ್ರಸ್ತಾವ ಬಂತು. ಅದನ್ನು ಬೇಡವೆನ್ನಲು ನಮಗೆ ಧೈರ್ಯ ಬಂದದ್ದು ಮಣ್ಣನ್ನು ನೋಡಿದ್ದರಿಂದ. ಕರಡ ಹುಲ್ಲಿನ ಒಂದು ಬುಡವನ್ನು ಹಾರೆಯಿಂದ ಮೀಟಿ ತೆಗೆದಾಗ ಬೇರುಗಳು ಕೂದಲಿನಂತೆ ಒತ್ತಾಗಿ ಹೆಣೆದುಕೊಂಡಿದ್ದವು. ಅವುಗಳ ನಡುವಿನ ಮಣ್ಣು ಕಪ್ಪಾಗಿ ಪುಡಿಪುಡಿಯಾಗಿತ್ತು, ಮಾರು ದೂರದಲ್ಲಿ ಹುಲ್ಲಿಲ್ಲದ ಕಡೆ ಅದೇ ಮಣ್ಣು ಕೆಂಪಗೆ ಗಟ್ಟಿಯಾಗಿತ್ತು. ಹುಲ್ಲುಗಾವಲು ತನ್ನ ಇಂಗಾಲದ ಬಹುಪಾಲನ್ನು ನೆಲದೊಳಗೆ ಇಡುತ್ತದೆ, ಆದ್ದರಿಂದ ಬೇಸಿಗೆಯ ಬೆಂಕಿ ಮೇಲಿನ ಹುಲ್ಲನ್ನು ಸುಟ್ಟರೂ ಒಳಗಿನದು ಉಳಿಯುತ್ತದೆ. ಭಾರತವು ಪ್ಯಾರಿಸ್ ಒಪ್ಪಂದದಡಿ 2030ರೊಳಗೆ 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮನಾದಷ್ಟನ್ನು ಹೆಚ್ಚುವರಿ ಅರಣ್ಯ ಮತ್ತು ಮರಗಳ ಹೊದಿಕೆಯಿಂದ ಹಿಡಿದಿಡುವುದಾಗಿ ಮಾತು ಕೊಟ್ಟಿದೆ. ಆ ಗುರಿಯ ಮಾತಿನಲ್ಲಿ ಮರವಿದೆ, ಹುಲ್ಲಿಲ್ಲ. ಸರ್ಕಾರಿ ನಕ್ಷೆಗಳಲ್ಲಿ ಎಷ್ಟೋ ಹುಲ್ಲುಗಾವಲುಗಳು ಇಂದಿಗೂ ಪಾಳುಭೂಮಿಯ ಪಟ್ಟಿಯಲ್ಲಿವೆ. ಇದು ಬಯಲುಸೀಮೆಗೆ ಆಗುತ್ತಿರುವ ದೊಡ್ಡ ಅನ್ಯಾಯವೆಂದು ನಾನು ಭಾವಿಸುತ್ತೇನೆ. ನೀಲಗಿರಿ ಬೆಳೆಯುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸುವ ಹೊತ್ತಿಗೆ ಎಷ್ಟೋ ಗೋಮಾಳಗಳ ಹುಲ್ಲು ಅದರ ನೆರಳಿನಲ್ಲಿ ಸತ್ತುಹೋಗಿತ್ತು. ನಾವು ಕಂದಕದ ಏರಿಯ ಮೇಲೆ ಮಾತ್ರ ಕಮರ, ತುಗ್ಗಲಿ, ಬೇವು ಬಿತ್ತಿ, ನಡುವಿನ ಬಯಲನ್ನು ಹುಲ್ಲಿಗೇ ಬಿಟ್ಟೆವು. ಬಳ್ಳಾರಿ ಜಾಲಿಯನ್ನು ಬುಡಸಮೇತ ಕೀಳಿಸಿದೆವು. ಬರೀ ಕಡಿದರೆ ಅದು ಇಮ್ಮಡಿಯಾಗಿ ಚಿಗುರುತ್ತದೆ.

ಮೇಯಿಸುವ ಕ್ರಮವನ್ನು ಕಲಿಸಿಕೊಟ್ಟವರು ಊರಿನ ಹಿರಿಯ ಕುರಿಗಾಹಿಯೊಬ್ಬರು. “ಹುಲ್ಲು ತೆನೆ ಒಡೆಯೋ ಹೊತ್ತಲ್ಲಿ ಕುರಿ ಬಿಡಬ್ಯಾಡ್ರಪ್ಪ. ಬೀಜ ಉದುರಿದ ಮ್ಯಾಲೆ ಬಿಡ್ರಿ, ಗೊರಸಿನಾಗೇ ಬಿತ್ತನೆ ಆಗ್ತೈತೆ” ಎಂದರು. ಅದರಂತೆ ಗೋಮಾಳವನ್ನು ಭಾಗ ಮಾಡಿ, ಮುಂಗಾರಿನಿಂದ ಹುಲ್ಲು ಬಲಿಯುವವರೆಗೆ ಒಂದೊಂದು ಭಾಗವನ್ನು ಸರದಿಯಂತೆ ಬಿಡುವು ಮಾಡುತ್ತಿದ್ದೇವೆ. ಯಾವ ಭಾಗ ಯಾವಾಗ ಎಂಬುದನ್ನು ಕುರಿ ಸಾಕುವವರೇ ಕುಳಿತು ನಿರ್ಧರಿಸುತ್ತಾರೆ, ಸಮಿತಿ ಅದನ್ನು ಬರೆದುಕೊಳ್ಳುತ್ತದೆ ಅಷ್ಟೆ.

2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದ ವರ್ಷ, ನಮ್ಮ ಗೋಮಾಳದ ಒಣಹುಲ್ಲು ಎಲ್ಲರಿಗೂ ಸಾಲದಿದ್ದರೂ ಹಲವು ಮನೆಗಳ ದನಗಳು ಸಂತೆಯ ಪಾಲಾಗುವುದನ್ನು ತಪ್ಪಿಸಿತು. ಆ ವರ್ಷದ ನಂತರ ಕಾವಲಿಗೆ ಜನ ಕರೆಯುವ ಅಗತ್ಯ ಬಿದ್ದಿಲ್ಲ. ಈಗ ಸರ್ವೆ ನಂಬರನ್ನೂ ಹುಲ್ಲಿನ ಜಾತಿಗಳನ್ನೂ ಊರಿನ ಸಸ್ಯ, ಪ್ರಾಣಿಗಳ ವಿವರ ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ನಮೂದಿಸುತ್ತಿದ್ದೇವೆ. ಕೆರೆಯ ಕಡೆಗೆ ಹರಿಯುವ ಹಳ್ಳದ ಬಿ ಖರಾಬಿನ (ಸಾರ್ವಜನಿಕ ಬಳಕೆಗೆಂದು ಸಾಗುವಳಿಯಿಂದ ಹೊರಗಿಟ್ಟ ಜಾಗದ) ಅಳತೆ ಇನ್ನೂ ಬಾಕಿ ಇದೆ. ಅದರ ಅರ್ಜಿಯನ್ನು ಈ ಮುಂಗಾರಿಗೆ ಮುಂಚೆಯೇ ಕೊಟ್ಟಿದ್ದೇವೆ.