ಅಂಟು ಹಚ್ಚಿದ ಮೇಲೆ ಸ್ವಲ್ಪ ಕಾಯಿರಿ

ಚಿತ್ರ ಮಾಡಲು ಕುಳಿತವರು ಮೊದಲು ಮೊಬೈಲ್ ತೆಗೆಯುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದರಲ್ಲಿ ಯಾರೋ ಮಾಡಿ ಮುಗಿಸಿದ ಚಿತ್ರ, ಜೊತೆಗೆ ಕೊಳ್ಳಬೇಕಾದ ಸಾಮಾನಿನ ಉದ್ದದ ಪಟ್ಟಿ. ಪಟ್ಟಿಯಲ್ಲಿದ್ದುದೆಲ್ಲ ಮನೆಗೆ ಬರುತ್ತದೆ, ಡಬ್ಬಿಗಳಲ್ಲಿ ಅಂದವಾಗಿ ಕೂರುತ್ತದೆ, ಅಲ್ಲೇ ಉಳಿಯುತ್ತದೆ. ದಪ್ಪ ಹಾಳೆಯ ಹೊಸ ಪುಸ್ತಕವನ್ನು ಹಾಳಾದೀತೆಂದು ಮುಟ್ಟುವುದೇ ಇಲ್ಲ. ಹಾಳು ಮಾಡುವುದಕ್ಕೇ ಅಲ್ಲವೇ ಅದನ್ನು ತಂದದ್ದು? ಮಿಶ್ರ ಮಾಧ್ಯಮವೆಂಬ ದೊಡ್ಡ ಹೆಸರು ಕೇಳಿ ಹೆದರಬೇಕಾಗಿಲ್ಲ. ಕಾಗದ, ಬಟ್ಟೆ, ದಾರ, ಬಣ್ಣ, ಒಣಗಿದ ಎಲೆ, ಹೀಗೆ ಕೈಗೆ ಸಿಕ್ಕಿದ್ದನ್ನು ಒಂದೇ ಹಾಳೆಯ ಮೇಲೆ ಕೂಡಿಸಿ ಆಡುವುದಷ್ಟೇ ಅದು. ಕೈಗೆ ಸಿಕ್ಕಿದ್ದು ಎಂದೆ, ಕೊಂಡು ತಂದದ್ದು ಎನ್ನಲಿಲ್ಲ.

ಒಂದು ರಟ್ಟಿನ ಪೆಟ್ಟಿಗೆ ಇಟ್ಟುಕೊಳ್ಳಿ. ಲಕೋಟೆ ಬಿಡಿಸಿದರೆ ಒಳಮೈಯಲ್ಲಿ ನೀಲಿ ಗೀರುಗಳ ಚಂದದ ವಿನ್ಯಾಸವಿರುತ್ತದೆ, ಅದು ಪೆಟ್ಟಿಗೆಗೆ. ಔಷಧದ ಡಬ್ಬಿಯೊಳಗೆ ಮಡಚಿಟ್ಟ ತೆಳು ಚೀಟಿ, ಹಳೆಯ ಪ್ರಯಾಣದ ಟಿಕೆಟು, ಬಣ್ಣ ಮಾಸಿದ ರಿಬ್ಬನ್ನು, ಎಲ್ಲವೂ ಪೆಟ್ಟಿಗೆಗೆ. ಅಂಗಿಯನ್ನು ಎಸೆಯುವ ಮುನ್ನ ಗುಂಡಿ ಬಿಚ್ಚಿಕೊಳ್ಳಿ. ಅಂದ ಹಾಗೆ, ಹತ್ತಿಯ ಅಂಗಿಯ ಬೆನ್ನಿನ ಭಾಗ ಒಗೆದೂ ಒಗೆದೂ ಮೆತ್ತಗಾಗಿರುತ್ತದಲ್ಲ, ಗಾಜು ಒರೆಸುವುದಕ್ಕೆ ಅದಕ್ಕಿಂತ ಒಳ್ಳೆಯ ಬಟ್ಟೆ ಇಲ್ಲ. ಅದನ್ನು ಕಸಕ್ಕೆ ಹಾಕಿ, ಒರೆಸುವ ಬಟ್ಟೆಯನ್ನು ಅಂಗಡಿಯಿಂದ ತರುವವರಿಗೆ ಏನು ಹೇಳಲಿ!

ಏನು ಮಾಡಬೇಕೆಂದು ಮೊದಲೇ ನಿಶ್ಚಯಿಸಬೇಡಿ. ನಾಲ್ಕಾರು ಚೂರುಗಳನ್ನು ಹಾಳೆಯ ಮೇಲೆ ಹರಡಿ, ಅತ್ತಿತ್ತ ಸರಿಸಿ, ಒಂದನ್ನು ತಲೆಕೆಳಗು ಮಾಡಿ ನೋಡಿ. ಟಿಕೆಟ್ಟಿನ ತುಂಡು ಕಿಟಕಿಯಾಗುತ್ತದೆ, ರಿಬ್ಬನ್ನು ದಾರಿಯಾಗುತ್ತದೆ. ಈ ಸರಿಸಾಟದಲ್ಲಿರುವ ಸುಖ ಮುಗಿದ ಚಿತ್ರದಲ್ಲೂ ಇಲ್ಲ. ಆದ್ದರಿಂದ ಬೇಗ ಅಂಟಿಸಿಬಿಡುವ ಆತುರ ಬೇಡ. ಎಲ್ಲವನ್ನೂ ಕತ್ತರಿಯಿಂದಲೇ ಕತ್ತರಿಸಬೇಕೆಂದೂ ಇಲ್ಲ, ಕೈಯಿಂದ ಹರಿಯಿರಿ. ಅಚ್ಚಾದ ಕಾಗದವನ್ನು ನಿಮ್ಮ ಕಡೆಗೆ ಎಳೆದು ಹರಿದರೆ ಎಳೆದ ತುಂಡಿನ ಅಂಚಿನಲ್ಲಿ ಬಿಳಿಯ ಗೆರೆ ಉಳಿಯುತ್ತದೆ. ಹಿಂದಕ್ಕೆ ತಳ್ಳಿ ಹರಿದರೆ ಅಂಚಿನವರೆಗೂ ಬಣ್ಣ ನಿಲ್ಲುತ್ತದೆ. ಮೋಡಕ್ಕೆ ಮೊದಲನೆಯದು ಬೇಕು, ಬೆಟ್ಟಕ್ಕೆ ಎರಡನೆಯದು.

ಇನ್ನು ಅಂಟಿನ ವಿಷಯ. ಎಲ್ಲರೂ ಎಡವುವುದು ಇಲ್ಲೇ. ಬಿಳಿ ಅಂಟನ್ನು ಸೀಸೆಯಿಂದ ನೇರವಾಗಿ ಹಿಂಡಿ, ತಕ್ಷಣ ಒತ್ತಿ, ಎದ್ದ ಗುಳ್ಳೆಯನ್ನು ಉಗುರಿನಿಂದ ಗೀಚಿ, ಕೂದಲು ಒಣಗಿಸುವ ಯಂತ್ರ ಹಿಡಿದು ಒಣಗಿಸಿ, ಮರುದಿನ ಹಾಳೆ ಸೊಟ್ಟಗಾಯಿತೆಂದು ಗೋಳಾಡುತ್ತಾರೆ. ಸೊಟ್ಟಗಾಗದೆ ಇನ್ನೇನಾದೀತು?

ಗುಂಡಿ, ಬಟ್ಟೆ, ರಟ್ಟಿಗೆ ಬಿಳಿ ಅಂಟು ಇರಲಿ. ಕಾಗದಕ್ಕೆ ಮಾತ್ರ ನಾನು ಮೈದಾ ಅಂಟನ್ನೇ ಕಾಯಿಸುವುದು. ಒಂದು ಹಿಡಿ ಮೈದಾವನ್ನು ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಮತ್ತಷ್ಟು ನೀರು ಬೆರೆಸಿ ತೆಳ್ಳಗೆ ಮಾಡಿ, ಸಣ್ಣ ಉರಿಯಲ್ಲಿಟ್ಟು ಕೈ ಬಿಡದೆ ತಿರುವಬೇಕು. ಸುಣ್ಣದಂತಿದ್ದ ಬಿಳುಪು ಮಾಸಿ, ಸ್ವಲ್ಪ ಪಾರದರ್ಶಕವಾಗಿ ಹೊಳಪು ಬಂದಾಗ ಇಳಿಸಿ. ಆರಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ. ಪುಸ್ತಕ ಕಟ್ಟುವವರು ಹುಳು ಹಿಡಿಯದಿರಲೆಂದು ಇದಕ್ಕೆ ಮೈಲುತುತ್ತ ಬೆರೆಸುವುದುಂಟು. ಅದು ವಿಷ. ಮನೆಯಲ್ಲಿ, ಅದರಲ್ಲೂ ಮಕ್ಕಳಿರುವಲ್ಲಿ, ಖಂಡಿತ ಬೇಡ. ಸ್ವಲ್ಪವೇ ಮಾಡಿಕೊಳ್ಳಿ, ಹುಳಿ ವಾಸನೆ ಬಂದರೆ ಚೆಲ್ಲಿ.

ಈಗ ಮುಖ್ಯವಾದದ್ದು ಹೇಳುತ್ತೇನೆ, ಗಮನವಿಟ್ಟು ಕೇಳಿ. ಕಾಗದಕ್ಕೂ ಎಳೆ ಇದೆ. ಯಂತ್ರದಲ್ಲಿ ತಯಾರಾಗುವಾಗ ನಾರುಗಳು ಯಂತ್ರ ಓಡುವ ದಿಕ್ಕಿಗೇ ಹೆಚ್ಚಾಗಿ ಮಲಗುತ್ತವೆ. ಪತ್ರಿಕೆಯ ಹಾಳೆಯನ್ನು ಮೇಲಿನಿಂದ ಕೆಳಕ್ಕೆ ಹರಿಯಿರಿ, ನೆಟ್ಟಗೆ ಹರಿಯುತ್ತದೆ. ಅಡ್ಡಕ್ಕೆ ಹರಿಯಿರಿ, ಅಡ್ಡಾದಿಡ್ಡಿ ಓಡುತ್ತದೆ. ನೆಟ್ಟಗೆ ಹರಿಯುವ ದಿಕ್ಕೇ ಎಳೆಯ ದಿಕ್ಕು. ನೀರು ತಾಗಿದಾಗ ಕಾಗದ ಎಳೆಯ ಉದ್ದಕ್ಕೆ ಬೆಳೆಯುವುದು ಅತಿ ಕಡಿಮೆ, ಅಡ್ಡಕ್ಕೆ ಹಿಗ್ಗುವುದೇ ಹೆಚ್ಚು. ಅಂಟು ಹಚ್ಚಿದೊಡನೆ ಒತ್ತಿಬಿಟ್ಟರೆ, ಒತ್ತಿದ ಮೇಲೂ ಅದು ಹಿಗ್ಗುತ್ತಲೇ ಇರುತ್ತದೆ. ಹೋಗಲು ಜಾಗವಿಲ್ಲದೆ ಗುಳ್ಳೆಯಾಗಿ ಏಳುತ್ತದೆ.

ಇದನ್ನು ನನಗೆ ಕಲಿಸಿದವರು ನನ್ನ ಸೋದರತ್ತೆ. ರಜೆಯಲ್ಲಿ ನಮ್ಮನ್ನೆಲ್ಲ ಸುತ್ತ ಕೂರಿಸಿಕೊಂಡು, ಹರಿದ ಪುಸ್ತಕಗಳಿಗೆ ಹೊದಿಕೆ ಹಾಕುತ್ತಿದ್ದರು. ಅಂಟು ಹಚ್ಚಿದ ಕಾಗದವನ್ನು ನಾವು ಎತ್ತಲು ಹೋದರೆ ಕೈ ಮೇಲೆ ಪಟ್ಟನೆ ಒಂದೇಟು. “ಅದು ಮೈ ಸಡಿಲ ಮಾಡಿಕೊಳ್ಳಲಿ, ಆಮೇಲೆ ಮುಟ್ಟು” ಎನ್ನುತ್ತಿದ್ದರು. ನಾವು ಗಲ್ಲಕ್ಕೆ ಕೈಯಿಟ್ಟು ಕಾಗದವನ್ನೇ ನೋಡುತ್ತಾ ಕೂರುತ್ತಿದ್ದೆವು. ಕಾಗದ ಮೊದಲು ಅಂಚಿನಲ್ಲಿ ಸುರುಳಿ ಸುತ್ತುತ್ತದೆ, ನಡುವೆ ಉಬ್ಬುತ್ತದೆ, ಆಮೇಲೆ ತಾನಾಗಿಯೇ ಸೋತು ಚಪ್ಪಟೆಯಾಗಿ ಮಲಗುತ್ತದೆ. ಎತ್ತಿದರೆ ಒದ್ದೆ ಬಟ್ಟೆಯಂತೆ ಜೋತುಬೀಳಬೇಕು. ಅದೇ ಹದ. ತೆಳು ಕಾಗದ ಬೇಗ ಹದಕ್ಕೆ ಬರುತ್ತದೆ, ದಪ್ಪನೆಯದಕ್ಕೆ ಮತ್ತೊಮ್ಮೆ ಅಂಟು ಸವರಿ ಕಾಯಬೇಕಾಗುತ್ತದೆ. ಟಿಶ್ಯೂ ಕಾಗದ ಮಾತ್ರ ಇದಕ್ಕೆ ಹೊರತು. ಅಂಟು ಹಚ್ಚಿದರೆ ಅದು ಕೈಯಲ್ಲೇ ಮುದ್ದೆಯಾಗುತ್ತದೆ, ಆದ್ದರಿಂದ ಕೆಳಗಿನ ಹಾಳೆಗೆ ಹಚ್ಚಿ ಅದನ್ನು ಮೆಲ್ಲಗೆ ಇಳಿಬಿಡಿ.

ಕುಂಚವನ್ನು ನಡುವಿನಿಂದ ಅಂಚಿಗೆ ಎಳೆಯಿರಿ, ಅಂಚಿನಿಂದ ಒಳಕ್ಕೆ ಎಳೆದರೆ ಅಂಟು ಮುಂಭಾಗಕ್ಕೆ ನುಗ್ಗುತ್ತದೆ. ಅಂಟಿಸುವಾಗಲೂ ನಡುವೆ ಮೊದಲು ತಾಗಿಸಿ, ಮೇಲೊಂದು ಬಿಳಿ ಹಾಳೆ ಹಾಸಿ, ಚಮಚದ ಬೆನ್ನಿನಿಂದ ಹೊರಕ್ಕೆ ತೀಡಿ. ಬರಿಗೈಯಲ್ಲಿ ತೀಡಿ ಕಾಗದದ ಮೈ ಕೆದರಬೇಡಿ. ಕೊನೆಯದಾಗಿ, ಯಾರೂ ಮಾಡದ ಕೆಲಸ: ಹಾಳೆಯನ್ನು ತಿರುಗಿಸಿ, ಹಿಂದೆಯೂ ಅಷ್ಟೇ ಅಗಲದ ಕಾಗದವೊಂದನ್ನು, ಎಳೆ ಅದೇ ದಿಕ್ಕಿಗೆ ಬರುವಂತೆ ಅಂಟಿಸಿ. ಒಣಗುವಾಗ ಮುಂದಿನದು ಎಳೆದಷ್ಟೇ ಹಿಂದಿನದೂ ಎಳೆಯುತ್ತದೆ, ಹಾಳೆ ನೆಟ್ಟಗೆ ನಿಲ್ಲುತ್ತದೆ. ಬಳಿಕ ಎರಡೂ ಕಡೆ ಅಚ್ಚಿಲ್ಲದ ಹಾಳೆಗಳನ್ನಿಟ್ಟು, ಮೇಲೆ ದಪ್ಪ ಪುಸ್ತಕಗಳನ್ನು ಹೇರಿ. ನಡುನಡುವೆ ಒದ್ದೆಯಾದ ಹಾಳೆ ಬದಲಿಸಿ. ರಾತ್ರಿ ಕಳೆಯಲಿ. ಇಣುಕಿ ನೋಡಬೇಡಿ.

ಉಳಿದದ್ದು ಚಿಕ್ಕಪುಟ್ಟದ್ದು. ಮೇಣದ ಬಣ್ಣ ಮೊದಲು, ಜಲವರ್ಣ ಆಮೇಲೆ. ಮೇಣವಿದ್ದಲ್ಲಿ ನೀರು ಜಾರಿ ಚಂದ ಕಾಣುತ್ತದೆ. ಬಿಳಿ ಅಂಟು ಒಣಗಿದ ಜಾಗದಲ್ಲಿ ಜಲವರ್ಣ ಹಿಡಿಯುವುದಿಲ್ಲ. ಬಹುಕಾಲ ಉಳಿಯಬೇಕಾದ ಚಿತ್ರಕ್ಕೆ ಪತ್ರಿಕೆಯ ಕಾಗದ ಹಾಕಬೇಡಿ. ಅದರಲ್ಲಿ ಉಳಿದಿರುವ ಲಿಗ್ನಿನ್ ಎಂಬ ಮರದ ಅಂಶ ಬೆಳಕಿಗೆ ಹಳದಿಯಾಗುತ್ತದೆ.

“ಇದು ಮಕ್ಕಳಾಟ, ಈ ವಯಸ್ಸಿನಲ್ಲಿ ನನಗೇಕೆ” ಎನ್ನುವವರಿಗೆ ನಾನು ಮೇರಿ ಡೆಲನಿಯ ಹೆಸರು ಹೇಳುತ್ತೇನೆ. ಇಂಗ್ಲೆಂಡಿನ ಈಕೆ 1700ರಲ್ಲಿ ಹುಟ್ಟಿದವರು. ಬಣ್ಣದ ಕಾಗದದ ಚೂರುಗಳನ್ನು ಕತ್ತರಿಸಿ, ಕಪ್ಪು ಹಿನ್ನೆಲೆಯ ಮೇಲೆ ಅಂಟಿಸಿ ಹೂಗಿಡಗಳನ್ನು ಅರಳಿಸಲು ತೊಡಗಿದ್ದು ತಮ್ಮ 72ನೆಯ ವಯಸ್ಸಿನಲ್ಲಿ. ಸುಮಾರು ಹತ್ತು ವರ್ಷ, ಕಣ್ಣು ಮಂಜಾಗುವವರೆಗೂ, ಸಾವಿರಕ್ಕೆ ಸಮೀಪದಷ್ಟು ಮಾಡಿದರು. ಕೆಲವದರಲ್ಲಿ ನಿಜವಾದ ಎಲೆಯನ್ನೇ ಸೇರಿಸಿದ್ದಾರೆ. ಅವೆಲ್ಲ ಇಂದು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಮ್ಯೂಸಿಯಂ ಸೇರಲೆಂದು ಮಾಡಿದ್ದಲ್ಲ ಅವು. ಜೆರೇನಿಯಂ ಹೂವಿನ ಕೆಂಪಿಗೂ ಪಕ್ಕದಲ್ಲಿದ್ದ ಕಾಗದದ ಕೆಂಪಿಗೂ ಇದ್ದ ಹೋಲಿಕೆ ಕಣ್ಣಿಗೆ ಬಿದ್ದು ಶುರುವಾದದ್ದು. ನಿಮ್ಮ ಪೆಟ್ಟಿಗೆಯಲ್ಲೂ ಅಂಥದ್ದೊಂದು ಕೆಂಪು ಚೂರು ಇದ್ದೇ ಇರುತ್ತದೆ.

ದಿನಾ ದೊಡ್ಡ ಚಿತ್ರವೇ ಆಗಬೇಕೆಂದಿಲ್ಲ. ಹಳೆಯ ಲಕೋಟೆಯ ಬೆನ್ನ ಮೇಲೆ ಮೂರು ಚೂರು ಅಂಟಿಸಿ ಎದ್ದರೂ ಆಯಿತು. ಮಾಡುತ್ತಿರುವಾಗಲೇ ಫೋಟೊ ತೆಗೆದು ಊರಿಗೆಲ್ಲ ಕಳುಹಿಸಬೇಡಿ. ಯಾರೋ ಚೆನ್ನಾಗಿದೆ ಎಂದರೆ ಕೈ ಅಲ್ಲಿಗೇ ನಿಲ್ಲುತ್ತದೆ, ಚೆನ್ನಾಗಿಲ್ಲ ಎಂದರೂ ನಿಲ್ಲುತ್ತದೆ.

ಮುಗಿದ ಮೇಲೆ ಅಂಟಿನ ಪಾತ್ರೆಯನ್ನು ತಣ್ಣೀರಿನಲ್ಲಿ ನೆನೆಹಾಕಿ, ಕುಂಚವನ್ನು ಆಗಲೇ ತೊಳೆದು ಮಲಗಿಸಿ ಒಣಗಿಸಿ. ಕಾಗದಕ್ಕೆ ಬಳಸಿದ ಕತ್ತರಿಯನ್ನು ಬಟ್ಟೆಯ ಕತ್ತರಿಯ ಜೊತೆ ಇಡಬೇಡಿ. ನಮ್ಮ ಮನೆಯಲ್ಲಿ ಬಟ್ಟೆಯ ಕತ್ತರಿಯ ಹಿಡಿಗೆ ಕೆಂಪು ದಾರ ಕಟ್ಟಿಟ್ಟಿದ್ದೇನೆ, ಆದರೂ ಅದರಿಂದಲೇ ರಟ್ಟು ಕತ್ತರಿಸುತ್ತಾರೆ.