ಕಾಡ್ಗಿಚ್ಚಿನ ಹೊಗೆಗೆ ಒಂದು ಕೋಣೆ: ಪಂಚಾಯತ್ ಅನುದಾನ ಕೇಳುವುದು ಹೇಗೆ?

ಘಟ್ಟದ ಮುಳಿಹುಲ್ಲು ಒಣಗಿ, ಕುದುರೆಮುಖದ ತಪ್ಪಲಿನ ಹೆಬ್ರಿ, ಕಾರ್ಕಳ ಕಡೆಯ ಊರುಗಳಿಗೆ ಕಾಡಿನ ಬೆಂಕಿಯ ಹೊಗೆ ಇಳಿಯುವ ಹೊತ್ತಿಗೆ ಪಂಚಾಯತಿನ ಆ ವರ್ಷದ ಲೆಕ್ಕ ಮುಗಿಯುತ್ತ ಬಂದಿರುತ್ತದೆ. ಆದ್ದರಿಂದ ಹೊಗೆಯ ದಿನಗಳಲ್ಲಿ ಊರವರು ಕೂರಲು ಏರ್ ಪ್ಯೂರಿಫೈಯರ್ (ಗಾಳಿ ಶುದ್ಧೀಕರಣ ಯಂತ್ರ) ಇರುವ ಒಂದು ಕೋಣೆಗೆ ಅನುದಾನ ಕೇಳುವ ಅರ್ಜಿ ಮಳೆ ಬಿಟ್ಟ ಕೂಡಲೇ ಸಿದ್ಧವಾಗಬೇಕು. ಮುಂದಿನ ವರ್ಷದ ಅಭಿವೃದ್ಧಿ ಯೋಜನೆಯ ಸಭೆಗಳು ಸಾಮಾನ್ಯವಾಗಿ ಅಕ್ಟೋಬರ್ 2ರಿಂದ ಆರಂಭವಾಗುತ್ತವೆ.

ಮೊದಲು ಕೋಣೆಯನ್ನು ಆರಿಸಿ. ಹೆಂಚಿನ ಮಾಡಿನ ಕಟ್ಟಡ ಬೇಡ. ಕಿಟಕಿಗಳನ್ನೆಲ್ಲ ಮುಚ್ಚಿದರೂ ಹೆಂಚಿನ ಸಂದಿಯಿಂದ ಹೊಗೆ ಇಳಿಯುತ್ತದೆ. ಬೆಳಗಿನ ಬಿಸಿಲುಕೋಲಿನಲ್ಲಿ ಅದು ನೀಲಿಯಾಗಿ ಸುರುಳಿ ಸುತ್ತುವುದನ್ನು ನಮ್ಮ ಚಾವಡಿಯಲ್ಲೇ ನೋಡಿದ್ದೇನೆ. ಸ್ಲ್ಯಾಬ್ ಹಾಕಿದ ಅಂಗನವಾಡಿಯ ಒಂದು ಕೋಣೆ ಸಾಕು. ಮಕ್ಕಳು, ಗರ್ಭಿಣಿಯರು, ದಮ್ಮಿನ ಕಾಯಿಲೆಯ ಹಿರಿಯರು ಹೊಗೆಯ ದಿನಗಳಲ್ಲಿ ಅಲ್ಲಿ ಕೂರಬಹುದು.

ಬಳಿಕ ಟೇಪು ಹಿಡಿದು ಅಳೆಯಿರಿ. ಏರ್ ಪ್ಯೂರಿಫೈಯರ್ ನಿಮಿಷಕ್ಕೆ ಶುದ್ಧಗೊಳಿಸುವ ಗಾಳಿಯ ಘನ ಅಡಿ, ಕೋಣೆಯ ಚದರ ಅಡಿಯಷ್ಟಾದರೂ ಇರಬೇಕು ಎಂಬುದು ಕಾಡ್ಗಿಚ್ಚಿನ ಹೊಗೆಗೆ ಬಳಸುವ ಸೂತ್ರ. 15 ಅಡಿಗೆ 20 ಅಡಿಯ ಕೋಣೆಗೆ ನಿಮಿಷಕ್ಕೆ 300 ಘನ ಅಡಿ, ಎಂದರೆ ಗಂಟೆಗೆ ಸುಮಾರು 510 ಘನ ಮೀಟರ್. ಡಬ್ಬದ ಮೇಲೆ ಸಾಮಾನ್ಯವಾಗಿ ಈ ಎರಡನೆಯ ಅಂಕಿಯೇ ಇರುತ್ತದೆ. ಇದು 8 ಅಡಿ ಎತ್ತರದ ಕೋಣೆಯ ಲೆಕ್ಕವಾದ್ದರಿಂದ ನಮ್ಮ ಎತ್ತರದ ಕೋಣೆಗಳಿಗೆ ಇನ್ನಷ್ಟು ಬೇಕು. ಕರೆಂಟು ಹೋಗುವ ಊರಾದರೆ ಇನ್ವರ್ಟರನ್ನೂ, ಎಲ್ಲರೂ ಮರೆಯುವ ಫಿಲ್ಟರ್ ಬದಲಾವಣೆಯ ವಾರ್ಷಿಕ ಖರ್ಚನ್ನೂ ಕೊಟೇಶನ್ನಿನಲ್ಲಿ ಸೇರಿಸಿ.

ಇನ್ನು ಅರ್ಜಿಯ ಒಕ್ಕಣೆ. ‘ಹೊಗೆಯಿಂದ ಪರಿಹಾರ ಒದಗಿಸಬೇಕು’ ಎಂದು ಬರೆದರೆ, ಅದು ಬೇರೆ ಇಲಾಖೆಯ ವಿಷಯವೆಂಬ ಷರಾ ಹೊತ್ತು ಹಿಂದಿರುಗುವ ಸಾಧ್ಯತೆಯೇ ಹೆಚ್ಚು. ‘ಅಂಗನವಾಡಿ ಕೇಂದ್ರಕ್ಕೆ ಗಾಳಿ ಶುದ್ಧೀಕರಣ ಯಂತ್ರ ಹಾಗೂ ಇನ್ವರ್ಟರ್ ಅಳವಡಿಕೆ’ ಎಂದು ಕಾಮಗಾರಿಯ ಹೆಸರಿನಲ್ಲೇ ಬರೆದು, ಮೊದಲು ವಾರ್ಡ್ ಸಭೆಯಲ್ಲಿ, ನಂತರ ಗ್ರಾಮಸಭೆಯಲ್ಲಿ ಮಂಡಿಸಿ. ಪಂಚಾಯತಿನ ಸ್ವಂತ ನಿಧಿಯಿಂದ ಇಲ್ಲವೇ ಹಣಕಾಸು ಆಯೋಗದ ಅನ್‌ಟೈಡ್ (ಇಂಥದೇ ಕೆಲಸಕ್ಕೆಂದು ಕಟ್ಟುಹಾಕದ) ಅನುದಾನದಿಂದ ಹಣ ಕೇಳಿ. ಆಯೋಗದ ಈ ಅನುದಾನವನ್ನು ಸಂಬಳಕ್ಕೆ ಬಳಸುವಂತಿಲ್ಲ, ಊರಿನ ಅಗತ್ಯಕ್ಕೆ ಬಳಸಬಹುದು. ಇಂಥ ಬೇಡಿಕೆ ಹೊಸತೆಂದು ಯಾರಾದರೂ ಹುಬ್ಬೇರಿಸಿದರೆ, ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2023ರಲ್ಲಿ ಶಾಲೆ ಮುಂತಾದ ಸಾರ್ವಜನಿಕ ಕಟ್ಟಡಗಳನ್ನು ಹೊಗೆಗೆ ಸಜ್ಜುಗೊಳಿಸಲು ಒಂದು ಕೋಟಿ ಡಾಲರಿಗೂ ಮೀರಿದ ಅನುದಾನಕ್ಕೆ ಅರ್ಜಿ ಕರೆದಿದ್ದನ್ನು ತಿಳಿಸಬಹುದು.

ಒಂದು ಪ್ರತಿಯನ್ನು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರೂ ಆಗಿರುವ ಜಿಲ್ಲಾಧಿಕಾರಿಗೆ ಕಳುಹಿಸಿ. ಪಂಚಾಯತ್ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಂದ ದಿನಾಂಕವಿರುವ ಸ್ವೀಕೃತಿಯನ್ನೂ, ಸಭೆ ಮುಗಿದ ಮೇಲೆ ನಡಾವಳಿಯ ಪ್ರತಿಯನ್ನೂ ಪಡೆಯಿರಿ. ನಡಾವಳಿಯಲ್ಲಿ ಕಾಮಗಾರಿಯ ಹೆಸರಿನ ಎದುರು ಮೊತ್ತ ನಮೂದಾಗಿದೆಯೇ ಎಂದು ಅಲ್ಲಿಯೇ ಓದಿ ನೋಡಿ.