ಹಳೆಯ ಪಿಕಪ್‌ನ ಇಂಜಿನ್ ಆಗಾಗ ಮಿಸ್ ಹೊಡೆಯುತ್ತಿದ್ದರೆ: ದೋಷ ಹುಡುಕುವ ಕ್ರಮ

ಸದಾ ಮಿಸ್ ಹೊಡೆಯುವ, ಅಂದರೆ ಯಾವುದೋ ಸಿಲಿಂಡರ್‌ನಲ್ಲಿ ಇಂಧನ ಸರಿಯಾಗಿ ಉರಿಯದೆ ಎಡವುವ ಇಂಜಿನ್‌ನಲ್ಲಿ ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂಬುದನ್ನು ಕಂಡುಹಿಡಿಯುವುದು ಕಷ್ಟವಲ್ಲ. ತಲೆನೋವು ಬರುವುದು ಒಮ್ಮೆ ಮಿಸ್ ಹೊಡೆದು, ಬಾನೆಟ್ ತೆರೆದು ನೋಡುವಷ್ಟರಲ್ಲಿ ಏನೂ ಆಗದಂತೆ ನಯವಾಗಿ ಓಡುವ ಇಂಜಿನ್‌ನಿಂದ. ಇಂಥ ಸಂದರ್ಭದಲ್ಲಿ ಹೆಚ್ಚಿನವರು ಪ್ಲಗ್, ವೈರ್, ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಹುಟ್ಟಿಸುವ ಭಾಗ), ಫಿಲ್ಟರ್ ಎಂದು ಒಂದೊಂದಾಗಿ ಹೊಸ ಬಿಡಿಭಾಗ ಹಾಕುತ್ತ ಹೋಗುತ್ತಾರೆ. ಕೊನೆಗೆ ಮಿಸ್ಸಿಂಗ್ ನಿಂತರೂ ಯಾವುದರಿಂದ ನಿಂತಿತೆಂದು ತಿಳಿಯುವುದಿಲ್ಲ. ಮೊದಲು ದೋಷ ಕಾಣಿಸಿಕೊಳ್ಳುವ ಸಂದರ್ಭವನ್ನು ಗುರುತಿಸಿ, ಅದೇ ಸಂದರ್ಭವನ್ನು ಮತ್ತೆ ಉಂಟುಮಾಡಿ, ದೋಷ ಎದುರಿಗಿರುವಾಗಲೇ ಪರೀಕ್ಷಿಸುವುದು ಸರಿಯಾದ ದಾರಿ. ಇಲ್ಲಿ ಹೇಳಿರುವುದೆಲ್ಲ ಪೆಟ್ರೋಲ್ ಇಂಜಿನ್‌ಗೆ ಅನ್ವಯಿಸುತ್ತದೆ.

ವಾಹನದಲ್ಲಿ ಒಂದು ನೋಟ್‌ಪುಸ್ತಕ ಇಟ್ಟುಕೊಳ್ಳಿ. ಮಿಸ್ ಹೊಡೆದಾಗಲೆಲ್ಲ ಇಂಜಿನ್ ತಣ್ಣಗಿತ್ತೇ ಬಿಸಿಯಾಗಿತ್ತೇ, ಗಾಡಿ ನಿಂತಿತ್ತೇ ಏರು ಹತ್ತುತ್ತಿತ್ತೇ, ಯಾವ ಗೇರ್ ಮತ್ತು ವೇಗ, ಮಳೆ ಅಥವಾ ಮಂಜು ಇತ್ತೇ, ಟ್ಯಾಂಕ್‌ನಲ್ಲಿ ಎಷ್ಟು ಇಂಧನವಿತ್ತು, ಇತ್ತೀಚೆಗೆ ಏನಾದರೂ ರಿಪೇರಿ ಆಗಿತ್ತೇ ಎಂಬುದನ್ನು ಬರೆದಿಡಿ. ನಿಂತಾಗ ಮಾತ್ರ ನಡುಗಿ, ಆಕ್ಸಿಲರೇಟರ್ ಒತ್ತಿದೊಡನೆ ಸರಿಹೋದರೆ ಗಾಳಿ ಸೋರಿಕೆಯ ಕಡೆಗೆ ನೋಡಬೇಕು. ನಿಂತಾಗ ಚೆನ್ನಾಗಿದ್ದು ಭಾರ ಬಿದ್ದಾಗ ಮಾತ್ರ ಜಗ್ಗಿದರೆ ಕಿಡಿ ದುರ್ಬಲವಾಗಿದೆ, ಇಲ್ಲವೇ ಇಂಧನ ಸಾಲುತ್ತಿಲ್ಲ. ಬೆಳಗಿನ ಮೊದಲ ಒಂದೆರಡು ನಿಮಿಷ ಮಾತ್ರ ಮಿಸ್ ಹೊಡೆದು ನಿಂತುಹೋದರೆ, ಅದನ್ನು ಚಳಿಯ ತೊಂದರೆಯೆಂದು ತಳ್ಳಿಹಾಕಬಾರದು. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಇಷ್ಟಾದ ಮೇಲೆ, ಅದು ನಿಜವಾಗಿಯೂ ಇಂಜಿನ್‌ನ ಮಿಸ್ಸಿಂಗ್ ಹೌದೇ ಎಂದು ಖಚಿತಪಡಿಸಿಕೊಳ್ಳಬೇಕು. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇರುವ ಹಳೆಯ ಪಿಕಪ್‌ಗಳಲ್ಲಿ ಟಾರ್ಕ್ ಕನ್ವರ್ಟರ್‌ನ (ಇಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಜೋಡಣೆ) ಎರಡನ್ನೂ ನೇರವಾಗಿ ಹಿಡಿದು ಕೂಡಿಸುವ ಲಾಕಪ್ ಕ್ಲಚ್ ಜಾರತೊಡಗಿದರೆ, ಮಧ್ಯಮ ವೇಗದಲ್ಲಿ ಹಗುರವಾಗಿ ಆಕ್ಸಿಲರೇಟರ್ ಒತ್ತಿ ಹೋಗುವಾಗ ಒಂದು ನಡುಕ ಬರುತ್ತದೆ, ಮತ್ತು ಅದು ಮಿಸ್ಸಿಂಗ್‌ನಂತೆಯೇ ಇರುತ್ತದೆ. ಆಗ ಆಕ್ಸಿಲರೇಟರನ್ನು ಹಾಗೆಯೇ ಹಿಡಿದು, ಬ್ರೇಕ್ ದೀಪ ಹೊತ್ತುವಷ್ಟು ಮಾತ್ರ ಎಡಗಾಲಿನಿಂದ ಪೆಡಲ್ ಮುಟ್ಟಿ. ಲಾಕಪ್ ಬಿಡುತ್ತದೆ, ನಡುಕವೂ ಆ ಕ್ಷಣವೇ ಮಾಯವಾದರೆ ಪ್ಲಗ್ ಬಿಚ್ಚುವ ಅಗತ್ಯವಿಲ್ಲ. ಹಿಂದೆ ಮುಂದೆ ವಾಹನಗಳಿಲ್ಲದ ರಸ್ತೆಯಲ್ಲಿ ಮಾತ್ರ ಇದನ್ನು ಮಾಡಬೇಕು.

ಅಮೆರಿಕದಲ್ಲಿ ಮಾರಾಟವಾದ ಹಗುರ ವಾಹನಗಳಲ್ಲಿ 1996ರ ಮಾದರಿಯಿಂದ ಓಬಿಡಿ-2 ವ್ಯವಸ್ಥೆ, ಅಂದರೆ ದೋಷಗಳನ್ನು ತಾನೇ ಗುರುತಿಸಿ ಕೋಡ್ ರೂಪದಲ್ಲಿ ದಾಖಲಿಸುವ ವ್ಯವಸ್ಥೆ, ಕಡ್ಡಾಯವಾಯಿತು. ಬೇರೆ ದೇಶಗಳಲ್ಲಿ ಅಂಥದೇ ವ್ಯವಸ್ಥೆ ಆಮೇಲೆ ಬಂದಿತು. ನಿಮ್ಮ ವಾಹನದಲ್ಲಿ ಅದಿದ್ದರೆ ಸ್ಕ್ಯಾನರ್ ಜೋಡಿಸಿ ನೋಡಿ. ಮಿಸ್ಸಿಂಗ್‌ನ ಕೋಡ್‌ಗಳಲ್ಲಿ ಪಿ0301 ಎಂದರೆ ಒಂದನೆಯ ಸಿಲಿಂಡರ್, ಪಿ0302 ಎಂದರೆ ಎರಡನೆಯದು, ಹೀಗೆ. ಪಿ0300 ಎಂದರೆ ಮಿಸ್ಸಿಂಗ್ ಒಂದೇ ಸಿಲಿಂಡರ್‌ಗೆ ಅಂಟಿಕೊಂಡಿಲ್ಲ ಎಂದರ್ಥ. ಕೋಡ್‌ಗಿಂತಲೂ ಉಪಯುಕ್ತವಾದದ್ದು ಅದರ ಜೊತೆಗೆ ದಾಖಲಾಗುವ ಫ್ರೀಜ್ ಫ್ರೇಮ್; ಕೋಡ್ ಬಿದ್ದ ಕ್ಷಣದಲ್ಲಿ ಇಂಜಿನ್‌ನ ವೇಗ, ಭಾರ, ಕೂಲಂಟ್‌ನ ಉಷ್ಣತೆ ಎಷ್ಟಿತ್ತೆಂದು ಅದು ಹೇಳುತ್ತದೆ. ಕೋಡ್ ಅಳಿಸಿದರೆ ಇದೂ ಅಳಿಸಿಹೋಗುವುದರಿಂದ ಮೊದಲು ಬರೆದುಕೊಳ್ಳಿ. ಓಡಿಸುವಾಗ ಇಂಜಿನ್ ದೀಪ ಮಿಣುಕತೊಡಗಿದರೆ ಸುಡದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳುಮಾಡುವಷ್ಟು ಹೋಗುತ್ತಿದೆ ಎಂದು ತಿಳಿದು ವೇಗ ತಗ್ಗಿಸಿ, ಆದಷ್ಟು ಬೇಗ ನಿಲ್ಲಿಸಬೇಕು. ಓಬಿಡಿ-2 ಇಲ್ಲದ ಹಳೆಯ ಇಂಜಿನ್‌ನಲ್ಲಿ ಮೀಟರ್, ಗೇಜ್ ಮತ್ತು ಕಣ್ಣು ಕಿವಿಗಳನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ.

ಕಿಡಿಯ ಕಡೆ

ಹಳೆಯ ಪಿಕಪ್‌ನಲ್ಲಿ ಹುಡುಕಾಟವನ್ನು ಇಲ್ಲಿಂದಲೇ ಆರಂಭಿಸುವುದು ಜಾಣತನ, ಏಕೆಂದರೆ ಬಿಸಿ, ತೇವ, ಅಲುಗಾಟ ಮೂರೂ ಬೇಗ ಕೆಡಿಸುವುದು ಈ ಭಾಗಗಳನ್ನೇ. ಸಿಲಿಂಡರ್‌ನೊಳಗಿನ ಒತ್ತಡ ಹೆಚ್ಚಿದಷ್ಟೂ ಪ್ಲಗ್ಗಿನ ಗ್ಯಾಪ್ ದಾಟಲು ಹೆಚ್ಚು ವೋಲ್ಟೇಜ್ ಬೇಕು. ಆದ್ದರಿಂದಲೇ, ನಿಂತಾಗ ಹೇಗೋ ನಿಭಾಯಿಸುವ ಕಾಯಿಲ್ ಅಥವಾ ವೈರ್, ಟಾಪ್ ಗೇರಿನಲ್ಲಿ ಏರು ಹತ್ತುವಾಗ ಕೈಕೊಡುತ್ತದೆ. ಕಿಡಿ ಪ್ಲಗ್ಗಿನ ಗ್ಯಾಪ್ ದಾಟುವ ಬದಲು ಸುಲಭವಾದ ಬೇರೆ ದಾರಿ ಹುಡುಕಿ ಇಂಜಿನ್‌ನ ಲೋಹಕ್ಕೆ ಹಾರುತ್ತದೆ.

ಆ ಬೇರೆ ದಾರಿಯನ್ನು ಕಣ್ಣಿನಿಂದಲೇ ನೋಡಬಹುದು. ಕತ್ತಲಲ್ಲಿ, ಗಾಳಿಯಾಡುವ ಜಾಗದಲ್ಲಿ ಇಂಜಿನ್ ಚಾಲೂ ಮಾಡಿ, ಪ್ಲಗ್ ವೈರ್‌ಗಳು, ಕಾಯಿಲ್ ಮತ್ತು ಡಿಸ್ಟ್ರಿಬ್ಯೂಟರ್ (ಕಿಡಿಯನ್ನು ಸಿಲಿಂಡರ್‌ಗಳಿಗೆ ಹಂಚುವ ಭಾಗ) ಕ್ಯಾಪ್‌ನ ಮೇಲೆ ಸ್ಪ್ರೇ ಬಾಟಲಿಯಿಂದ ನೀರನ್ನು ತೆಳುವಾದ ತುಂತುರಾಗಿ ಸಿಂಪಡಿಸಿ. ಸೋರುವ ಕಡೆ ನೀಲಿ ಗೆರೆಗಳು ಮಿನುಗುತ್ತವೆ, ಚಟಚಟ ಸದ್ದು ಕೇಳುತ್ತದೆ, ಇಂಜಿನ್ ಎಡವುತ್ತದೆ. ಈ ವ್ಯವಸ್ಥೆಯಲ್ಲಿ ಹತ್ತಾರು ಸಾವಿರ ವೋಲ್ಟ್ ಇರುವುದರಿಂದ ಆ ಹೊತ್ತಿನಲ್ಲಿ ವೈರ್‌ಗಳನ್ನು ಮುಟ್ಟಲೇಬಾರದು, ಫ್ಯಾನ್ ಬೆಲ್ಟ್‌ಗಳಿಂದ ಕೈ ಮತ್ತು ಬಟ್ಟೆಯನ್ನು ದೂರವಿಡಬೇಕು.

ಪ್ಲಗ್‌ಗಳನ್ನು ಬಿಚ್ಚಿದಾಗ ಅವು ಯಾವ ಸಿಲಿಂಡರಿನವೋ ಅದೇ ಕ್ರಮದಲ್ಲಿ ಸಾಲಾಗಿ ಇಡಿ. ತುದಿಯ ಬಣ್ಣವನ್ನಷ್ಟೇ ನೋಡಿ ಪಕ್ಕಕ್ಕಿಡುವುದು ಸಾಮಾನ್ಯ ಅಭ್ಯಾಸ. ಆದರೆ ಹೊರಗಿನ ಬಿಳಿಯ ಪಿಂಗಾಣಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಬೇಕು. ಅದರ ಮೇಲೆ ಸೀಸದಕಡ್ಡಿಯಿಂದ ಎಳೆದಂಥ ಕಪ್ಪು ಗೆರೆ ಮೇಲಿಂದ ಕೆಳಕ್ಕೆ ಇಳಿದಿದ್ದರೆ ಕಿಡಿ ಅಲ್ಲಿಯೇ ಜಾರಿಹೋಗುತ್ತಿತ್ತೆಂದು ಅರ್ಥ. ಹಾಗಿದ್ದರೆ ಪ್ಲಗ್ಗಿನ ಜೊತೆಗೆ ಅದರ ರಬ್ಬರ್ ಬೂಟನ್ನೂ ಬದಲಿಸಬೇಕು, ಇಲ್ಲವಾದರೆ ಬೂಟಿನೊಳಗೆ ಉಳಿದ ಅದೇ ಗೆರೆ ಹೊಸ ಪ್ಲಗ್ಗನ್ನೂ ಕೆಡಿಸುತ್ತದೆ. ವೈರ್‌ಗಳ ರೆಸಿಸ್ಟೆನ್ಸ್ ಅಳೆಯುವಾಗ ಅವನ್ನು ಮೆಲ್ಲಗೆ ಬಗ್ಗಿಸುತ್ತ ಅಳೆಯಿರಿ. ನೇರವಾಗಿದ್ದಾಗ ಸರಿಯಿದ್ದ ಅಳತೆ ಬಗ್ಗಿಸಿದೊಡನೆ ಅನಂತಕ್ಕೆ ಹಾರಿದರೆ ಒಳಗಿನ ತಂತು ತುಂಡಾಗಿದೆ. ಡಿಸ್ಟ್ರಿಬ್ಯೂಟರ್ ಕ್ಯಾಪ್‌ನೊಳಗೆ ಕೂದಲೆಳೆಯಂಥ ಬಿರುಕು, ಸವೆದ ಕಾರ್ಬನ್ ಬಟನ್, ಹಸಿರು ಹಿಡಿದ ತುದಿಗಳು ಇವೆಯೇ ನೋಡಿ.

ವೈರ್‌ಗಳು ಹಾದುಹೋಗುವ ದಾರಿಯೂ ಮುಖ್ಯ. ಶೆವರ್ಲೆಯ ಹಳೆಯ ಸ್ಮಾಲ್ ಬ್ಲಾಕ್ ವಿ8 ಇಂಜಿನ್‌ನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಉರಿಯುವ ಕ್ರಮ, 1-8-4-3-6-5-7-2. ಇದರಲ್ಲಿ 5 ಮತ್ತು 7 ಒಂದರ ಹಿಂದೆ ಒಂದು ಉರಿಯುತ್ತವೆ, ಅಕ್ಕಪಕ್ಕದಲ್ಲೂ ಇವೆ. ಈ ಎರಡು ವೈರ್‌ಗಳನ್ನು ಉದ್ದಕ್ಕೂ ಒಟ್ಟಿಗೆ ಕಟ್ಟಿದರೆ 5ರ ವೈರ್ 7ರದರಲ್ಲಿ ವೋಲ್ಟೇಜ್ ಹುಟ್ಟಿಸಿ ಅಕಾಲದಲ್ಲಿ ಕಿಡಿ ಹಾರಿಸಬಹುದು. ಎಲ್ಲ ಭಾಗಗಳೂ ಹೊಸದಾಗಿದ್ದು ರಿಪೇರಿಯ ನಂತರವೇ ಮಿಸ್ಸಿಂಗ್ ಆರಂಭವಾಗಿದ್ದರೆ ಮೊದಲು ಇದನ್ನೇ ನೋಡಿ, ವೈರ್‌ಗಳನ್ನು ಬಿಡಿಸಿ ದೂರವಿಡಿ.

ಬಿಸಿಯಾದ ಮೇಲಷ್ಟೇ ಕೈಕೊಡುವ ಇಗ್ನಿಷನ್ ಮಾಡ್ಯೂಲ್, ಕಾಯಿಲ್ ಅಥವಾ ಕ್ರ್ಯಾಂಕ್ ಸೆನ್ಸರ್ ತಣ್ಣಗಿರುವಾಗ ಎಲ್ಲ ಅಳತೆಗಳಲ್ಲೂ ಪಾಸಾಗುತ್ತದೆ. ಇಂಜಿನ್ ಓಡುತ್ತಿರುವಾಗ ಒಂದೇ ಭಾಗಕ್ಕೆ ಹೇರ್ ಡ್ರೈಯರ್‌ನಿಂದ ಬಿಸಿ ಊದಿ ನೋಡುವುದು ಇದಕ್ಕೆ ಒಳ್ಳೆಯ ಉಪಾಯ. ಪ್ರತಿ ಸಿಲಿಂಡರ್‌ಗೂ ಪ್ರತ್ಯೇಕ ಕಾಯಿಲ್ ಇದ್ದರೆ ಕೆಲಸ ಇನ್ನೂ ಸುಲಭ: ಸಂಶಯವಿರುವ ಕಾಯಿಲನ್ನು ಬೇರೆ ಸಿಲಿಂಡರ್‌ಗೆ ಹಾಕಿ ಓಡಿಸಿ. ಮಿಸ್ಸಿಂಗ್ ಅದರ ಜೊತೆಗೇ ಹೋದರೆ ಅದೇ ಕಾರಣ. ಹೋಗದಿದ್ದರೆ ಮರುದಿನ ಪ್ಲಗ್ಗನ್ನು ಬದಲಿಸಿ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬ ನಿಯಮದಲ್ಲಿ ರಿಯಾಯಿತಿ ಬೇಡ.

ಗಾಳಿ ಮತ್ತು ಇಂಧನ

ಒಡೆದ ವ್ಯಾಕ್ಯೂಮ್ ಹೋಸ್ ಅಥವಾ ಇನ್‌ಟೇಕ್ ಗ್ಯಾಸ್ಕೆಟ್‌ನಿಂದ ಒಳನುಗ್ಗುವ ಗಾಳಿ, ಇಂಜಿನ್ ಕಡಿಮೆ ಗಾಳಿ ಎಳೆಯುವ ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವಾಗ) ಮಿಶ್ರಣವನ್ನು ಬಹಳ ತೆಳುವಾಗಿಸುತ್ತದೆ. ಥ್ರಾಟಲ್ ತೆರೆದಾಗ ಅದೇ ಸೋರಿಕೆ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಸ್ಕ್ಯಾನರ್‌ನಲ್ಲಿ ಫ್ಯುಯಲ್ ಟ್ರಿಮ್ (ಮಿಶ್ರಣ ಸರಿದೂಗಿಸಲು ಕಂಪ್ಯೂಟರ್ ಇಂಧನವನ್ನು ಎಷ್ಟು ಹೆಚ್ಚುಕಡಿಮೆ ಮಾಡುತ್ತಿದೆ ಎಂಬ ಅಂಕಿ) ಐಡ್ಲಿಂಗ್‌ನಲ್ಲಿ ಹೆಚ್ಚಿದ್ದು 2500 ಆರ್‌ಪಿಎಂನಲ್ಲಿ ಸೊನ್ನೆಯ ಹತ್ತಿರಕ್ಕೆ ಇಳಿದರೆ ಗಾಳಿ ಸೋರುತ್ತಿದೆ. ಭಾರ ಹೆಚ್ಚಿದಂತೆ ಟ್ರಿಮ್ ಕೂಡ ಏರಿದರೆ ಇಂಧನ ಸಾಲುತ್ತಿಲ್ಲ. ಸ್ಕ್ಯಾನರ್ ಇಲ್ಲದಿದ್ದರೆ ವ್ಯಾಕ್ಯೂಮ್ ಗೇಜ್ ಸಾಕು. ಸಮುದ್ರಮಟ್ಟದಲ್ಲಿ ಆರೋಗ್ಯವಂತ ಇಂಜಿನ್ ಐಡ್ಲಿಂಗ್‌ನಲ್ಲಿ ಸುಮಾರು 17ರಿಂದ 22 ಇಂಚು ಪಾದರಸದಷ್ಟು ತೋರಿಸುತ್ತದೆ, ಮುಳ್ಳು ಅಲುಗುವುದಿಲ್ಲ. ಪ್ರತಿ 1000 ಅಡಿ ಎತ್ತರಕ್ಕೆ ಸುಮಾರು ಒಂದಿಂಚು ಕಡಿಮೆಯಾಗುತ್ತದೆ. ಮುಳ್ಳು ಒಂದೇ ಲಯದಲ್ಲಿ ಮತ್ತೆಮತ್ತೆ ಕೆಳಕ್ಕೆ ಕುಣಿದರೆ ವಾಲ್ವ್‌ನ ಮೇಲೆ ಸಂಶಯಪಡಿ. ಸೋರಿಕೆ ಹುಡುಕಲು ಬಿಸಿ ಇಂಜಿನ್ ಮೇಲೆ ಕಾರ್ಬೊರೇಟರ್ ಕ್ಲೀನರ್ ಸಿಂಪಡಿಸುವವರಿದ್ದಾರೆ. ಬೆಂಕಿ ಹೊತ್ತುವ ಆ ವಿಧಾನಕ್ಕಿಂತ ಇನ್‌ಟೇಕ್‌ನೊಳಗೆ ಹೊಗೆ ಬಿಟ್ಟು ಅದು ಎಲ್ಲಿಂದ ಹೊರಬರುತ್ತದೆಂದು ನೋಡುವುದು ಮೇಲು.

ಇಂಧನದ ಒತ್ತಡವನ್ನು ನಿಂತಲ್ಲಿ ಅಳೆದರೆ ಸಾಲದು. ಗೇಜನ್ನು ಮುಂಗಾಜಿನ ಹೊರಮೈಗೆ ಟೇಪಿನಿಂದ ಅಂಟಿಸಿ, ಹೋಸ್ ಬಿಸಿ ಭಾಗಕ್ಕೂ ಬೆಲ್ಟಿಗೂ ತಾಗದಂತೆ ಮಾಡಿ, ಮಿಸ್ ಹೊಡೆಯುವ ಏರಿನಲ್ಲೇ ಓಡಿಸಿ, ಗೇಜ್ ನೋಡುವ ಕೆಲಸವನ್ನು ಪಕ್ಕದಲ್ಲಿ ಕುಳಿತವರಿಗೆ ಬಿಡಿ. ಕಾರ್ಬೊರೇಟರ್ ಇಂಜಿನ್‌ನಲ್ಲಿ ಒತ್ತಡ ಸಾಮಾನ್ಯವಾಗಿ 4ರಿಂದ 7 ಪಿಎಸ್‌ಐ, ಜನರಲ್ ಮೋಟರ್ಸ್‌ನ ಥ್ರಾಟಲ್ ಬಾಡಿ ಇಂಜೆಕ್ಷನ್‌ನಲ್ಲಿ 9ರಿಂದ 13. ನಿಮ್ಮ ಮಾದರಿಯ ಮ್ಯಾನುಯಲ್‌ನಲ್ಲಿರುವ ಅಂಕಿಯೇ ಅಂತಿಮ. ಒತ್ತಡ ಕುಸಿದರೆ ಮೊದಲು ಫಿಲ್ಟರ್, ನಂತರ ಪಂಪ್‌ಗೆ ಬರುವ ವೋಲ್ಟೇಜ್, ಆಮೇಲೆ ಪಂಪ್.

ಕಂಪ್ರೆಷನ್ ಮತ್ತು ಅರ್ತಿಂಗ್

ಬೆಳಗಿನ ಮಿಸ್ಸಿಂಗ್‌ನ ವಿಷಯಕ್ಕೆ ಬಂದರೆ, ಹೆಡ್ ಗ್ಯಾಸ್ಕೆಟ್ ಸ್ವಲ್ಪವೇ ಸೋರುವಾಗ ರಾತ್ರಿಯಿಡೀ ಒಂದಿಷ್ಟು ಕೂಲಂಟ್ ಸಿಲಿಂಡರ್‌ಗೆ ಇಳಿದು, ಬೆಳಿಗ್ಗೆ ಅದು ಆವಿಯಾಗುವವರೆಗೆ ಆ ಸಿಲಿಂಡರ್ ಉರಿಯುವುದಿಲ್ಲ. ಕೂಲಂಟ್ ಮಟ್ಟ ನಿಧಾನವಾಗಿ ಇಳಿಯುತ್ತಿದ್ದು, ಒಂದು ಪ್ಲಗ್ ಮಾತ್ರ ಉಳಿದವುಗಳಿಗಿಂತ ತೊಳೆದಂತೆ ಬೆಳ್ಳಗಿದ್ದರೆ ಕೂಲಿಂಗ್ ವ್ಯವಸ್ಥೆಗೆ ಒತ್ತಡ ಕೊಟ್ಟು ರಾತ್ರಿ ಬಿಟ್ಟು ನೋಡಿ. ಕಂಪ್ರೆಷನ್ (ಸಿಲಿಂಡರ್‌ನೊಳಗೆ ಏಳುವ ಒತ್ತಡ) ಅಳೆಯುವಾಗ ಇಗ್ನಿಷನ್ ಮತ್ತು ಇಂಧನ ಬಂದ್ ಮಾಡಿ, ಎಲ್ಲ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದಿರಬೇಕು. ಅತಿ ಕಡಿಮೆಯ ಅಳತೆ ಅತಿ ಹೆಚ್ಚಿನದರ ಶೇ. 75ಕ್ಕಿಂತ ಕೆಳಗಿದ್ದರೆ ಆ ಸಿಲಿಂಡರ್‌ಗೆ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್.

ಇಂಜಿನ್‌ನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿ ತುಕ್ಕು ಹಿಡಿದಿದ್ದರೆ ಯಾವ ಹೊಸ ಭಾಗವೂ ಪ್ರಯೋಜನಕ್ಕೆ ಬಾರದು. ಇಂಜಿನ್ ಓಡುತ್ತ ಹೆಡ್‌ಲೈಟ್ ಉರಿಯುತ್ತಿರುವಾಗ ಬ್ಯಾಟರಿಯ ನೆಗೆಟಿವ್ ತುದಿಗೂ ಇಂಜಿನ್ ಬ್ಲಾಕಿಗೂ ನಡುವೆ 0.2 ವೋಲ್ಟ್‌ಗಿಂತ ಹೆಚ್ಚು ತೋರಿಸಬಾರದು. ಹಾಗೆಯೇ ಕಾಯಿಲ್, ಇಂಜೆಕ್ಟರ್ ಮತ್ತು ಸೆನ್ಸರ್‌ಗಳಿಗೆ ಹೋಗುವ ಕಡಿಮೆ ವೋಲ್ಟೇಜಿನ ವೈರಿಂಗನ್ನು ಕನೆಕ್ಟರ್ ಹತ್ತಿರ ಒಂದೊಂದಾಗಿ ಮೆಲ್ಲಗೆ ಅಲುಗಾಡಿಸಿ, ಇಂಜಿನ್ ಎಲ್ಲಿ ಎಡವುತ್ತದೆಂದು ಗಮನಿಸಿ.

ದೋಷ ಸಿಕ್ಕಿ ಸರಿಪಡಿಸಿದ ಮೇಲೆ, ನೋಟ್‌ಪುಸ್ತಕದಲ್ಲಿ ಬರೆದ ಅದೇ ಉಷ್ಣತೆ, ಅದೇ ಭಾರ, ಅದೇ ಹವೆಯಲ್ಲಿ ಓಡಿಸಿ ಪರೀಕ್ಷಿಸಬೇಕು. ಸಮತಟ್ಟಿನ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬಂದರೆ ಏನೂ ಸಾಬೀತಾಗುವುದಿಲ್ಲ. ಮಿಸ್ ಹೊಡೆಯುವಾಗ ಸುಡದ ಪೆಟ್ರೋಲ್ ಆಯಿಲ್‌ಗೆ ಸೇರಿರಬಹುದು, ಆದ್ದರಿಂದ ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ, ಪೆಟ್ರೋಲ್ ವಾಸನೆಯಿದ್ದರೆ ಆಯಿಲ್ ಮತ್ತು ಫಿಲ್ಟರನ್ನೂ ಬದಲಿಸಿ.